ಅಕೌಂಟಿಂಗ್ ಕ್ಲಾಸಿಗೂ ಡೈವೋರ್ಸಿಗೂ ಏನು ಸಂಬಂಧ?

ಆಗಸ್ಟ್ ಬಂತೆಂದರೆ ಕ್ಯಾಲಿಫೋರ್ನಿಯಾದ ಕನ್ನಡ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಕಮ್ಯುನಿಟಿ ಕಾಲೇಜಿಗೆ ಈಗಲೂ ಅಪ್ಲೈ ಮಾಡಬಹುದಾ?" ಮಾಡಬಹುದು. ಅರ್ಜಿಗೆ ಫೀಸಿಲ್ಲ, ಎಂಟ್ರೆನ್ಸ್ ಪರೀಕ್ಷೆಯಿಲ್ಲ, ಡೊನೇಷನ್ನಂತೂ ಇಲ್ಲವೇ ಇಲ್ಲ. ರಾಜ್ಯದಲ್ಲಿ ಇಂಥ 116 ಸರ್ಕಾರಿ ಎರಡು ವರ್ಷದ ಕಾಲೇಜುಗಳಿವೆ, ಯಾರು ಬಂದರೂ ಸೇರಿಸಿಕೊಳ್ಳುತ್ತವೆ. ಕ್ಲಾಸಿನಲ್ಲಿ ಜಾಗ ಇರುತ್ತದೆ ಎಂದು ಮಾತ್ರ ಯಾರೂ ಮಾತು ಕೊಟ್ಟಿಲ್ಲ.

ಬೇಸಿಗೆಯಿಡೀ ಏನು ಮಾಡುತ್ತಿದ್ದಿರಿ ಎಂದು ದಯವಿಟ್ಟು ಕೇಳಬೇಡಿ. ಜೂನ್, ಜುಲೈ ಊರಿನಲ್ಲಿ ಕಳೆದು, ಹಪ್ಪಳ, ಸಂಡಿಗೆ, ಹುಳಿಪುಡಿ ತುಂಬಿದ ಸೂಟ್‌ಕೇಸ್ ಹೊತ್ತು ಬಂದು, ಜೆಟ್ ಲ್ಯಾಗ್ ಕಳೆದು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದ ಮೊದಲ ಬೆಳಿಗ್ಗೆ ಮನೆಯಲ್ಲಿ ಸದ್ದಿಲ್ಲದಾಗ ತಾನೇ ಓದುವ ಆಸೆ ಹುಟ್ಟುವುದು? ಹೆಚ್ಚಿನ ಕಾಲೇಜುಗಳ ಫಾಲ್ ಸೆಮಿಸ್ಟರು ಶುರುವಾಗುವುದೂ ಅದೇ ದಿನಗಳಲ್ಲಿ.

ಮೊದಲ ಕೆಲಸ ಈ ಎಲ್ಲ ಕಾಲೇಜುಗಳಿಗೂ ಒಂದೇ ಆದ ಓಪನ್‌ಸಿಸಿಸಿ ಎಂಬ ಆನ್‌ಲೈನ್ ಅಕೌಂಟು. ಅದು ಮೂರು ಅಕ್ಷರ, ನಾಲ್ಕು ಅಂಕಿಯ ಒಂದು ಐಡಿ ಕೊಡುತ್ತದೆ. ಬಂತಲ್ಲ ನಂಬರು ಎಂದು ಅದನ್ನೇ ತೆಗೆದುಕೊಂಡು ಕಾಲೇಜಿನ ಪೋರ್ಟಲ್‌ಗೆ ಹೋದರೆ ಲಾಗಿನ್ ಆಗುವುದಿಲ್ಲ. ಕಾಲೇಜು ಕೊಡುವ ಸ್ಟೂಡೆಂಟ್ ಐಡಿಯೇ ಬೇರೆ. ಅದು ಬರಬೇಕಾದರೆ ಸಿಸಿಸಿ ಅಪ್ಲೈ ಎಂಬ ಅರ್ಜಿ ತುಂಬಿ ಕಾಯಬೇಕು. ಅರ್ಜಿಯಲ್ಲಿ ಟರ್ಮ್ ಎಂಬಲ್ಲಿ ಫಾಲ್ ಬದಲು ಸ್ಪ್ರಿಂಗ್ ಒತ್ತಿದಿರೋ, ಮತ್ತೊಮ್ಮೆ ಮೊದಲಿಂದ ತುಂಬಿ.

ಹೆಸರಿನ ಕಾಲಂ ಕನ್ನಡಿಗರಿಗೆಂದೇ ಹೂಡಿದ ಬಲೆ. ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಇನಿಷಿಯಲ್ ಮಾಡಿಕೊಂಡು ಆರಾಮಾಗಿದ್ದವರಿಗೆ ಇಲ್ಲಿ ಲಾಸ್ಟ್ ನೇಮ್ ಕಡ್ಡಾಯ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದವರಿಗೆ ವೀಸಾದವರು ಇಡೀ ಹೆಸರನ್ನು ಸರ್‌ನೇಮಿಗೆ ತಳ್ಳಿ, ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಎಂದು ಬರೆದಿರುತ್ತಾರೆ. ಮುಂದೆ ದಾಖಲೆ ಕೇಳಿದಾಗ ತಾಳೆಯಾಗಬೇಕಲ್ಲ, ವೀಸಾದಲ್ಲಿ ಇರುವಂತೆಯೇ ತುಂಬುವುದು ಕ್ಷೇಮ. ಕಾಲೇಜಿನ ಪ್ರತಿ ಈಮೇಲೂ "ಡಿಯರ್ ಎಫ್‌ಎನ್‌ಯು" ಎಂದು ಪ್ರೀತಿಯಿಂದ ಕರೆಯುತ್ತದೆ, ಸಹಿಸಿಕೊಳ್ಳಿ.

ಇದೆಲ್ಲ ದಾಟಿದ ಮೇಲೆ ಬರುತ್ತದೆ ನೀವು ಈ ರಾಜ್ಯದ ನಿವಾಸಿ ಹೌದೋ ಅಲ್ಲವೋ ಎಂದು ನೋಡುವ ರೆಸಿಡೆನ್ಸಿ ಪುಟ. ಕಳೆದ ಎರಡು ವರ್ಷದಲ್ಲಿ ಕ್ಯಾಲಿಫೋರ್ನಿಯಾದ ಹೊರಗೆ ಟ್ಯಾಕ್ಸ್ ಕಟ್ಟಿದ್ದೀರಾ? ಓಟಿಗೆ ಹೆಸರು ನೋಂದಾಯಿಸಿದ್ದೀರಾ? ಬೇರೆ ರಾಜ್ಯದ ಕಾಲೇಜಿನಲ್ಲಿ ಅಲ್ಲಿಯ ನಿವಾಸಿ ಎಂದು ಹೇಳಿಕೊಂಡಿದ್ದೀರಾ? ಕೋರ್ಟಿನಲ್ಲಿ ದಾವೆ ಹೂಡಿದ್ದೀರಾ, ಅಥವಾ ಡೈವೋರ್ಸಿಗೆ ಅರ್ಜಿ ಹಾಕಿದ್ದೀರಾ?

ಒಂದು ಅಕೌಂಟಿಂಗ್ ಕ್ಲಾಸು ಕೇಳಿದ್ದಕ್ಕೆ ಈ ಪ್ರಶ್ನೆ!

ಮೊದಲ ಸಲ ಓದಿದವರು ಕನ್ನಡಕ ಒರೆಸಿ ಮತ್ತೆ ಓದುತ್ತಾರೆ. ಅದೇ ಹೊತ್ತಿಗೆ ಗಂಡ ಪಕ್ಕದ ರೂಮಿನಲ್ಲಿ ಆಫೀಸಿನ ಮೀಟಿಂಗ್‌ನಲ್ಲಿ ಕೂತಿರುತ್ತಾನೆ. "ರೀ, ನ್ಯೂಜೆರ್ಸಿಲಿದ್ದಾಗ ನಾವು ಡೈವೋರ್ಸಿಗೇನಾದ್ರೂ ಹಾಕಿದ್ವಾ?" ಮೀಟಿಂಗ್ ಮ್ಯೂಟ್ ಆಗುತ್ತದೆ, ಗಂಡ ಬಾಗಿಲಿಗೆ ಬರುತ್ತಾನೆ. "ಯಾಕೆ, ಈಗೇನಾಯ್ತು?" "ನಂಗೇನೂ ಆಗಿಲ್ಲ. ಕಾಲೇಜಿನವ್ರು ಕೇಳ್ತಿದಾರೆ." "ಇಲ್ಲ ಅಂತ ಹಾಕು ಮಾರಾಯ್ತಿ." "ಟ್ಯಾಕ್ಸ್?" "ಅದು ಕಟ್ಟಿದೀವಲ್ಲ." "ಹಾಗಾದ್ರೆ ಯಾವ ವರ್ಷ ಅಂತಾನೂ ಬೇಕಂತೆ." ಹೌದು, ಡೈವೋರ್ಸಿಗೂ ವರ್ಷದ ಕಾಲಂ ಇದೆ. ಸಂಸಾರ ಮುರಿದದ್ದಕ್ಕೆ ಕಾರಣ ಯಾರಿಗೂ ಬೇಡ, ಇಸವಿ ಸಾಕು.

ಹುಚ್ಚುತನ ಅನಿಸಿದರೂ ಇದಕ್ಕೊಂದು ಲೆಕ್ಕವಿದೆ. ಬೇರೆ ರಾಜ್ಯದ ಕೋರ್ಟಿನಲ್ಲಿ ಡೈವೋರ್ಸ್ ಕೇಳಬೇಕಾದರೆ ಸಾಮಾನ್ಯವಾಗಿ ಅಲ್ಲಿಯ ನಿವಾಸಿ ಎಂದು ಹೇಳಿಕೊಳ್ಳಬೇಕು. ಅಲ್ಲಿ ಹಾಗೆ ಹೇಳಿ ಇಲ್ಲಿ ಬಂದು ನಾನು ಕ್ಯಾಲಿಫೋರ್ನಿಯಾದವಳು ಎಂದರೆ ನಡೆಯುವುದಿಲ್ಲ. ಸೆಮಿಸ್ಟರ್ ಶುರುವಾಗುವ ಹಿಂದಿನ ದಿನಕ್ಕೆ ಇಲ್ಲಿಗೆ ಬಂದು ಒಂದು ವರ್ಷ ಒಂದು ದಿನ ಆಗಿರಬೇಕು, ಇಲ್ಲೇ ಉಳಿಯುವ ಉದ್ದೇಶಕ್ಕೆ ಕಾಗದವೂ ಇರಬೇಕು: ಲೀಸು, ಡ್ರೈವಿಂಗ್ ಲೈಸೆನ್ಸು, ರಾಜ್ಯದ ಟ್ಯಾಕ್ಸ್ ರಿಟರ್ನ್ಸು, ಬ್ಯಾಂಕ್ ಸ್ಟೇಟ್‌ಮೆಂಟು. ಕೆಲಸದ ಎಚ್-1, ಅವರ ಸಂಸಾರದ ಎಚ್-4 ವೀಸಾದವರಿಗೆ ಈ ಲೆಕ್ಕ ಅನ್ವಯಿಸುತ್ತದೆ. ವಿದ್ಯಾರ್ಥಿಗಳ ಎಫ್-1, ಪ್ರವಾಸಿಗಳ ಬಿ-2 ವೀಸಾದವರು ಎಷ್ಟು ಕಾಲ ಇದ್ದರೂ ನಿವಾಸಿಗಳಲ್ಲ. ನಿವಾಸಿಯಾದರೆ ಯೂನಿಟ್ಟಿಗೆ (ಅಂದರೆ ಒಂದು ಕ್ರೆಡಿಟ್ಟಿಗೆ) 46 ಡಾಲರ್, ಅಂದರೆ 3 ಯೂನಿಟ್ಟಿನ ಕ್ಲಾಸಿಗೆ 138, ಮೇಲೆ ಹೆಲ್ತ್ ಫೀ ಇತ್ಯಾದಿ ಚಿಲ್ಲರೆ. ಅಲ್ಲವಾದರೆ ಪ್ರತಿ ಯೂನಿಟ್ಟಿಗೂ ನೂರಾರು ಡಾಲರ್ ಹೆಚ್ಚುವರಿ. ಹೋದ ವರ್ಷ ಗಣೇಶನ ಹಬ್ಬ ಊರಲ್ಲೇ ಮುಗಿಸಿಕೊಂಡು ವಿಮಾನ ಹತ್ತಿದವರು ಆ ಕಡುಬಿನ ಬೆಲೆಯನ್ನು ಇಲ್ಲಿ ಲೆಕ್ಕ ಹಾಕಿಕೊಳ್ಳಬಹುದು.

ಟ್ಯಾಕ್ಸಿಗೆ 'ಹೌದು' ಎಂದ ಮಾತ್ರಕ್ಕೆ ಅರ್ಜಿ ತಿರಸ್ಕಾರವಾಗುವುದಿಲ್ಲ. ದಾಖಲೆ ಕೇಳುತ್ತಾರೆ, ಅಷ್ಟೇ. ಆದರೆ ದಾಖಲೆ ನೋಡುವ ಅಡ್ಮಿಷನ್ಸ್ ಆಫೀಸಿನ ಮುಂದೆ ಆಗಸ್ಟಿನಲ್ಲಿ ಇಡೀ ಊರೇ ನಿಂತಿರುತ್ತದೆ. ಆದ್ದರಿಂದ ಕೇಳುವ ಮುಂಚೆಯೇ ಪಿಡಿಎಫ್ ಮಾಡಿಟ್ಟುಕೊಳ್ಳಿ.

ಇನ್ನು ಕಾಯುವ ಕೆಲಸ. ಸ್ಟೂಡೆಂಟ್ ಐಡಿ ಬರಲು ಕೆಲವು ಕಾಲೇಜಿನಲ್ಲಿ ಒಂದು ದಿನ, ಕೆಲವದರಲ್ಲಿ ಮೂರೋ ನಾಲ್ಕೋ ಕೆಲಸದ ದಿನ. ಶುಕ್ರವಾರ ಸಂಜೆ ಸಬ್ಮಿಟ್ ಒತ್ತಿ ಸೋಮವಾರದ ಕ್ಲಾಸಿಗೆ ಹೊಸ ಬ್ಯಾಗು ಕೊಳ್ಳಬೇಡಿ. ಕೋವಿಡ್ ಕಾಲದಿಂದೀಚೆಗೆ ಫೈನಾನ್ಷಿಯಲ್ ಏಡ್ ದುಡ್ಡು ಕದಿಯಲು ಸುಳ್ಳು ವಿದ್ಯಾರ್ಥಿಗಳ ಅರ್ಜಿಗಳು ರಾಶಿ ರಾಶಿ ಬರುತ್ತಿವೆ. ಅವನ್ನು ಹಿಡಿಯಲು ಇಟ್ಟ ಜರಡಿಯಲ್ಲಿ ಅಸಲಿ ಮನುಷ್ಯರೂ ಸಿಕ್ಕಿಬೀಳುತ್ತಾರೆ, ಗುರುತು ತೋರಿಸಿ ಬಿಡಿಸಿಕೊಳ್ಳಬೇಕಾಗುತ್ತದೆ. ಮನೆಯವರ ಫೋನ್ ನಂಬರು, ಮನೆಯವರ ಈಮೇಲು ಕೊಡುವ ಅಭ್ಯಾಸ ಇಲ್ಲಿ ಬೇಡ. ಸ್ಪ್ಯಾಮ್ ಫೋಲ್ಡರ್ ದಿನಾ ನೋಡಿ.

ಐಡಿ ಬಂದ ಮೇಲೆ ಆನ್‌ಲೈನ್ ಓರಿಯೆಂಟೇಷನ್, ಆಮೇಲೆ ಹೈಸ್ಕೂಲಿನ ಗಣಿತ ಎಲ್ಲಿಯವರೆಗೆ ಎಂಬ ವಿಚಾರಣೆ. ಆಯ್ಕೆಗಳು ಆಲ್ಜೀಬ್ರಾ, ಜಾಮೆಟ್ರಿ, ಪ್ರೀಕ್ಯಾಲ್ಕುಲಸ್ ಹೀಗೆ. ಪಿಯುಸಿಯ ಪಿಸಿಎಂಬಿಗೆ ಕಾಲಂ ಇಲ್ಲ. ಬಿ.ಇ.ಯಲ್ಲಿ ನಾಲ್ಕು ಸೆಮಿಸ್ಟರ್ ಮ್ಯಾಥ್ಸ್ ಪಾಸು ಮಾಡಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೀಮ್ ಲೀಡ್ ಆಗಿದ್ದು, ಗಂಡನ ವೀಸಾಕ್ಕೆ ತಳುಕು ಹಾಕಿಕೊಂಡು ಇಲ್ಲಿಗೆ ಬಂದವರು ಈ ಪುಟದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ಊರಲ್ಲಿ ಕರಡಿಗೆಯಲ್ಲಿರುವ ಮಾರ್ಕ್ಸ್ ಕಾರ್ಡಿಗೆ ಇಲ್ಲಿ ಬೆಲೆ ಬರಬೇಕಾದರೆ ವಿದೇಶಿ ಪದವಿಗಳನ್ನು ತೂಗಿ ನೋಡುವ ಸಂಸ್ಥೆಗಳ ಒಕ್ಕೂಟವಾದ ನೇಸಸ್‌ನ ಸದಸ್ಯ ಸಂಸ್ಥೆಯೊಂದರಿಂದ ಇವ್ಯಾಲ್ಯುಯೇಷನ್ ಮಾಡಿಸಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಈ ಸೆಮಿಸ್ಟರಿಗಂತೂ ಪ್ರೀರಿಕ್ವಿಸಿಟ್ (ಮೊದಲೇ ಪಾಸಾಗಿರಬೇಕಾದ ಕೋರ್ಸು) ಇಲ್ಲದ ಕ್ಲಾಸನ್ನೇ ಆರಿಸಿಕೊಳ್ಳಿ, ಇವ್ಯಾಲ್ಯುಯೇಷನ್ ಮುಂದಿನ ಸೆಮಿಸ್ಟರಿಗಾಗುತ್ತದೆ.

ಬಹಳ ಮಂದಿ ಪ್ರೀಸ್ಕೂಲ್ ಟೀಚರ್ ಆಗಲು ಬೇಕಾದ 12 ಯೂನಿಟ್ ಅರ್ಲಿ ಚೈಲ್ಡ್‌ಹುಡ್ ಕ್ಲಾಸು ಹುಡುಕುತ್ತಾರೆ. ಅವು ಹೆಚ್ಚಾಗಿ ಆಗಸ್ಟಿಗೆ ಮುಂಚೆಯೇ ಭರ್ತಿ. ಉಳಿಯುವುದು ವೇಯ್ಟ್‌ಲಿಸ್ಟು, ಉದ್ಯಾನ್ ಎಕ್ಸ್‌ಪ್ರೆಸ್ಸಿನ ವೇಯ್ಟಿಂಗ್ ಲಿಸ್ಟಿನ ಹಾಗೆಯೇ. ಏಜೆಂಟ್ ಇಲ್ಲ, ಅಷ್ಟೇ ವ್ಯತ್ಯಾಸ. ಮೂರು ನಾಲ್ಕರೊಳಗಿದ್ದರೆ ಆಸೆ ಇಟ್ಟುಕೊಳ್ಳಿ, ಹದಿನೈದಾದರೆ ಬೇರೆ ಸೆಕ್ಷನ್ ನೋಡಿ. ಕ್ಲಾಸು ಶುರುವಾಗುವವರೆಗೆ ಲಿಸ್ಟು ತಾನೇ ಮುಂದೆ ಸರಿಯುತ್ತದೆ. ಶುರುವಾದ ಮೇಲೆ ಎಲ್ಲ ಮೇಷ್ಟರ ಕೈಯಲ್ಲಿ: ಅವರು ಆ್ಯಡ್ ಕೋಡ್ ಕೊಡಬೇಕು. ಅದು ಒಬ್ಬರಿಗೆ ಒಂದೇ ಸಲ ನಡೆಯುವ ನಂಬರು, ಆ್ಯಡ್ ಡೆಡ್‌ಲೈನ್ ದಾಟಿದರೆ ಸತ್ತಂತೆ. ಕೋಡ್ ಕೈಗೆ ಬಂದ ಕೂಡಲೇ ಹಾಕಿ, ಅಡುಗೆ ಮುಗಿಸಿಕೊಂಡು ಹಾಕುತ್ತೇನೆ ಎನ್ನಬೇಡಿ. ಮೇಷ್ಟರಿಗೆ ಬರೆಯುವ ಈಮೇಲಿನಲ್ಲಿ ಹೆಸರು, ಸ್ಟೂಡೆಂಟ್ ಐಡಿ, ಸೆಕ್ಷನ್ ನಂಬರು, ವೇಯ್ಟ್‌ಲಿಸ್ಟಿನ ಸ್ಥಾನ ಇಷ್ಟಿದ್ದರೆ ಸಾಕು. ರೆಸ್ಪೆಕ್ಟೆಡ್ ಸರ್‌ನಿಂದ ಶುರುವಾಗಿ ಯುವರ್ಸ್ ಒಬೀಡಿಯಂಟ್ಲಿವರೆಗಿನ ಎರಡು ಪುಟ ಬೇಡ. ಮೊದಲ ದಿನದ ಕ್ಲಾಸು ಮಾತ್ರ ತಪ್ಪಿಸಬೇಡಿ. ಬರದವರನ್ನು ಮೇಷ್ಟರು ಅಂದೇ ಕೈಬಿಡಬಹುದು, ಆ ಸೀಟೇ ವೇಯ್ಟ್‌ಲಿಸ್ಟಿನವರ ಪಾಲು.

ಇಷ್ಟೆಲ್ಲ ಆಗಿ ಸೀಟು ಸಿಕ್ಕ ಖುಷಿಯಲ್ಲಿ ಫೀಸಿನ ಗಡುವು ಮರೆತರೆ ಕೆಲವು ಕಾಲೇಜುಗಳು ರಾತ್ರೋರಾತ್ರಿ ಹೆಸರು ತೆಗೆದುಹಾಕುತ್ತವೆ. ಕೋರ್ಸು ಬೇಡ ಎನಿಸಿದರೆ ರೀಫಂಡ್ ಡೆಡ್‌ಲೈನಿನ ಒಳಗೆ ನೀವೇ ಡ್ರಾಪ್ ಮಾಡಿ. ಹೋಗದಿದ್ದರೆ ಅವರೇ ತೆಗೆದಾರು ಎಂದು ಕೂತರೆ ಬಾಕಿ ಉಳಿದು ಅಕೌಂಟಿಗೆ ಹೋಲ್ಡ್ ಬೀಳುತ್ತದೆ. ಏನೂ ಸಿಗಲಿಲ್ಲವೇ? ಶೆಡ್ಯೂಲಿನಲ್ಲಿ ಲೇಟ್ ಸ್ಟಾರ್ಟ್ ಎಂದು ಫಿಲ್ಟರ್ ಹಾಕಿ ನೋಡಿ. ಸೆಪ್ಟೆಂಬರಿನಲ್ಲೋ ಅಕ್ಟೋಬರಿನಲ್ಲೋ ಶುರುವಾಗುವ 12 ವಾರದ, 8 ವಾರದ ಕ್ಲಾಸುಗಳು ಸಿಗುತ್ತವೆ. ಯೂನಿಟ್ಟು ಅಷ್ಟೇ, ಫೀಸೂ ಅಷ್ಟೇ, 8 ವಾರದ್ದಾದರೆ ಹೋಮ್‌ವರ್ಕ್ ವಾರಕ್ಕೆ ದುಪ್ಪಟ್ಟು. ಅರ್ಜಿ ಈಗಾಗಲೇ ಫಾಲ್ ಟರ್ಮಿಗೆ ಇರುವುದರಿಂದ ಮತ್ತೆ ತುಂಬಬೇಕಿಲ್ಲ. ಡೈವೋರ್ಸಿನ ಪ್ರಶ್ನೆಯೂ ಮತ್ತೆ ಬರುವುದಿಲ್ಲ.