ಕೈ ಬಿಡಿ ಮಿಸ್

62ನೇ ವಯಸ್ಸಿನಲ್ಲಿ ನಾನು ತಲೆಕೆಳಗಾಗಿ ನೇತಾಡಿದೆ. ಬೇಕಂತಲೇ, ಅದೂ ದುಡ್ಡು ಕೊಟ್ಟು.

ಕೋಲಾರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಟೈಲ್ಸ್ ಅಂಗಡಿಯ ಮಹಡಿಯಲ್ಲಿ ಏರಿಯಲ್ ಯೋಗ ಶುರುವಾಗಿದೆ. ಮೇಲಿನ ಕೊಕ್ಕೆಗಳಿಂದ ನೇರಳೆ ಬಣ್ಣದ ನೈಲಾನ್ ಬಟ್ಟೆ ಸೊಂಟದ ಎತ್ತರಕ್ಕೆ ಇಳಿದಿರುತ್ತದೆ. ಮಗು ಮಲಗಿಸೋ ಸೀರೆ ಜೋಲಿ, ಥೇಟ್. ನೋಡಲು ಬಂದ ನಮ್ಮನೆಯವರು ಬಟ್ಟೆ ಮುಟ್ಟಲಿಲ್ಲ, ಕೊಂಡಿ ನೋಡಲಿಲ್ಲ. ಕತ್ತೆತ್ತಿ ಕೇಳಿದ್ದು ಒಂದೇ: "ಈ ಮೋಲ್ಡ್ ಯಾವ ಮೇಸ್ತ್ರಿ ಹಾಕಿದ್ದು?" ಅದೇ ಸರಿಯಾದ ಪ್ರಶ್ನೆ ಅಂತ ಈಗಲೂ ನನಗನ್ನಿಸುತ್ತದೆ.

ಕಲಿಸುವವಳು ನನ್ನ ಹಳೇ ವಿದ್ಯಾರ್ಥಿನಿ. ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡಿದವಳು. ಮನೆಪಾಠ ಮಾಡದೆ ಬಂದಾಗ ಇವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಈಗ ಇವಳು ನನ್ನನ್ನು ತೂಗುಹಾಕುತ್ತಿದ್ದಾಳೆ.

ನಾನು ಹೋದದ್ದು ಸೊಂಟಕ್ಕಾಗಿ. ಮಾಮೂಲಿ ಯೋಗದ ತರಗತಿಯಲ್ಲಿ ನನ್ನ ಕಷ್ಟ ಆಸನದ್ದಲ್ಲ, ನೆಲದ್ದು. ಕೂತರೆ ಏಳೋದಕ್ಕೆ ಇಬ್ಬರು ಬೇಕು. ಜೋಲಿಯಲ್ಲಿ ಆ ಗೋಳಿಲ್ಲ. ಮೈಭಾರವನ್ನು ಬಟ್ಟೆ ಹೊರುತ್ತದೆ, ಮಂಡಿಗೂ ಮಣಿಕಟ್ಟಿಗೂ ಬಿಡುವು. ಸೊಂಟ ಬಟ್ಟೆಗೆ ಕೊಟ್ಟು ತಲೆ ಇಳಿಬಿಟ್ಟರೆ ಬೆನ್ನು ತನ್ನ ಭಾರಕ್ಕೇ ಮೆಲ್ಲಗೆ ಎಳೆದುಕೊಳ್ಳುತ್ತದೆ. ಹಾಯೆನಿಸುತ್ತದೆ, ಸುಳ್ಳು ಹೇಳಬಾರದು. ಬಟ್ಟೆ ತೊಡೆಸಂದಿಯಲ್ಲಿ ಒತ್ತುವ ನೋವೂ ಸುಳ್ಳಲ್ಲ.

ಡಾಕ್ಟರನ್ನು ಕೇಳಿಯೇ ಸೇರಿದ್ದು. ತಲೆ ಕೆಳಗಾದರೆ ಕಣ್ಣಿನೊಳಗಿನ ಒತ್ತಡ ಏರುತ್ತದಂತೆ. ಗ್ಲಾಕೋಮಾ ಇದ್ದವರಿಗೆ, ಈಚೆಗೆ ಕಣ್ಣಿನ ಆಪರೇಷನ್ ಆದವರಿಗೆ, ಬಿಪಿ ಹತೋಟಿಯಲ್ಲಿಲ್ಲದವರಿಗೆ ಇದು ಬೇಡವೇ ಬೇಡ. ಬೆನ್ನಿನ ಹಾಯಿ ಕೂಡ ಎದ್ದು ನಿಂತ ಸ್ವಲ್ಪ ಹೊತ್ತಿಗೆ ಮುಗೀತು ಅಂದರು. ಮೂಳೆ ಗಟ್ಟಿಯಾಗಬೇಕಾದರೆ ಅದರ ಮೇಲೆ ಭಾರ ಬೀಳಬೇಕು, ನೇತಾಡಿದರೆ ಆಗಲ್ಲ, ನಡೀಬೇಕು. ಹಾಗಾಗಿ ಬೆಳಗಿನ ವಾಕಿಂಗ್ ತಪ್ಪಿಲ್ಲ.

ಇದೆಲ್ಲ ಅಮೆರಿಕದವರ ಹೊಸ ಹುಚ್ಚು ಅಂದುಕೊಂಡಿದ್ದೆ. ಜೋಲಿ ಅಲ್ಲಿಂದ ಬಂದದ್ದು ಹೌದು. ಆದರೆ ಅದಕ್ಕೂ ಎಷ್ಟೋ ಮೊದಲೇ ಗೋಡೆಗೆ ಹಗ್ಗ ಬಿಗಿದು ಆಸನ ಹಾಕಿಸಿದ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ನರಸಾಪುರದ ಪಕ್ಕದ ಬೆಳ್ಳೂರಿನವರು! ಬೆಂಗಳೂರು ಬಸ್ಸಿನಲ್ಲಿ ನಾನು ತೂಕಡಿಸುತ್ತಾ ದಾಟಿ ಹೋಗುವ ಜಾಗ. 1918ರಲ್ಲಿ, ಇನ್‌ಫ್ಲುಯೆಂಜಾ ಹಾವಳಿಯ ಹೊತ್ತಿನಲ್ಲಿ ಹುಟ್ಟಿದ ಕೂಸು. ಆಮೇಲೆ ಮಲೇರಿಯಾ, ಟೈಫಾಯಿಡ್, ಕ್ಷಯ. ಬಗ್ಗದ ಮೈಯ ಸಂಕಟ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪುಣೆಯಲ್ಲಿ ಹಗ್ಗ, ಕುರ್ಚಿ, ಕಂಬಳಿ, ಬೆಲ್ಟು ಎಲ್ಲವನ್ನೂ ಮುದುಕರ, ರೋಗಿಗಳ ಆಸರೆಗೆ ತಂದರು. 80 ದಾಟಿದ ಬೆಲ್ಜಿಯಂ ರಾಣಿ ಎಲಿಜಬೆತ್‌ಗೇ ಶೀರ್ಷಾಸನ ಕಲಿಸಿದವರು. ಆ ರಾಣಿಯ ಮುಂದೆ ನಾನಿನ್ನೂ ಹುಡುಗಿ, ಅಲ್ವಾ?

ಹುಡುಗಿಯೇನೋ ಸರಿ, ಕೈ ಮಾತ್ರ ಬಿಡೋದಿಲ್ಲ. ತಲೆ ಕೆಳಗಾಯಿತು, ಕಾಲು ಬಟ್ಟೆಗೆ ಸುತ್ತಿಕೊಂಡಿತು, ಕರಿಮಣಿ ಸರ ಜಾರಿ ಮೂಗಿನ ಮೇಲೆ ಕೂತಿತು. ಎರಡೂ ಮುಷ್ಟಿ ಬಟ್ಟೆಯನ್ನು ಕಚ್ಚಿ ಹಿಡಿದಿವೆ.

"ಕೈ ಬಿಡಿ ಮಿಸ್."

ಕೈಬಿಡು ಅಂದರೆ ತೊರೆ ಎಂದು ನುಡಿಗಟ್ಟಿನ ಪಾಠದಲ್ಲಿ ಇವಳಿಗೆ ಬರೆಸಿದ್ದೇ ನಾನು. ಕೋಲಾರಮ್ಮನ ಗುಡಿಯಲ್ಲಿ ಇಷ್ಟು ವರ್ಷ ಬೇಡಿದ್ದೂ ಅದನ್ನೇ, ಕೈ ಬಿಡಬೇಡ ತಾಯಿ ಅಂತ. ಚಿಕ್ಕಂದಿನಲ್ಲಿ ಬಾವಿ ಹಗ್ಗ ಬಿಟ್ಟರೆ ಬಿಂದಿಗೆ ಹೋಯಿತು. ಮುಳಬಾಗಿಲು ಬಸ್ಸಿನಲ್ಲಿ ಕಂಬಿ ಬಿಟ್ಟರೆ ಕಂಡಕ್ಟರ್ ಮೇಲೆ ಬಿದ್ದೆವು. ಹೀಗೆ ಹಿಡಿದೇ ಬದುಕಿದವಳಿಗೆ ಒಂದು ಗಂಟೆಯ ಕ್ಲಾಸಿನಲ್ಲಿ ಬಿಡು ಅಂದರೆ?

ನಮ್ಮ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಒಂದು ಜಾತಿಯ ಎಲೆಮೂಗಿನ ಬಾವಲಿ ಇದೆ. ಜಗತ್ತಿನಲ್ಲಿ ಬೇರೆಲ್ಲೂ ಅದು ಈಗ ಉಳಿದಿರೋದು ಗೊತ್ತಿಲ್ಲ. ಬಾವಲಿಗೆ ನೇತಾಡೋದು ಕೆಲಸವೇ ಅಲ್ಲವಂತೆ. ಅದರ ಮೈಭಾರಕ್ಕೇ ಕಾಲಿನ ನರದಂಥ ಹುರಿ ಎಳೆದು ಉಗುರು ತಾನಾಗಿ ಮುಚ್ಚಿಕೊಳ್ಳುತ್ತದೆ. ನಿದ್ದೆ ಮಾಡಿದರೂ ಬೀಳಲ್ಲ. ಶಕ್ತಿ ಬೇಕಾಗೋದು ಬಿಡೋದಕ್ಕೆ. ಇದನ್ನು ನಾನು ತಲೆಕೆಳಗಾಗಿಯೇ ಅವಳಿಗೆ ಪಾಠ ಮಾಡಿದೆ. ಸುಮ್ಮನೆ ಕೇಳಿದಳು. ಸ್ಕೂಲಿನಲ್ಲಿ ಹಾಗೆ ಕೇಳಿದ್ದು ನೆನಪಿಲ್ಲ.

ಆಮೇಲೆ ಮತ್ತೆ ಅದೇ: "ಕೈ ಬಿಡಿ ಮಿಸ್."

ಕಳೆದ ಮಂಗಳವಾರ ಎಡಗೈ ಬಿಟ್ಟೆ. ಬಲಗೈಯನ್ನು ಮುಂದಿನ ತಿಂಗಳ ಫೀಸಿಗೆ ಇಟ್ಟುಕೊಂಡಿದ್ದೇನೆ.