ಈಗ ಎಲ್ಲರೂ ಆಶ್ಚರ್ಯಪಡಿ

ಪ್ರಾಥಮಿಕ ಶಾಲೆಯಲ್ಲಿ ಒಂದು ಚಟುವಟಿಕೆ ನಡೆಯಿತೆನ್ನುವುದಕ್ಕೆ ಮಕ್ಕಳ ಕೂದಲಿಗೆ ಅಂಟಿದ ಗೋಂದು, ನೆಲದ ಮೇಲೆ ನಿಂತ ನೀರು, ಪಕ್ಕದ ತರಗತಿಯವರ ದೂರು ಇವು ಯಾವುವೂ ಸಾಕ್ಷಿಯಾಗುವುದಿಲ್ಲ. ಸಾಕ್ಷಿಯೆಂದರೆ ಫೋಟೊ ಒಂದೇ. ಫೋಟೊ ಇದ್ದು ಚಟುವಟಿಕೆ ನಡೆಯದಿದ್ದರೆ ಯಾರೂ ಕೇಳುವುದಿಲ್ಲ. ಚಟುವಟಿಕೆ ನಡೆದು ಫೋಟೊ ಇಲ್ಲದಿದ್ದರೆ ಮಾತ್ರ ವಿವರಣೆ ಬರೆದುಕೊಡಬೇಕಾಗುತ್ತದೆ. ನಿನ್ನೆ ಸಂಜೆ ಅಂಥದೊಂದು ವಿವರಣೆ ಬರೆದುಕೊಟ್ಟು ಮನೆಗೆ ಬಂದವಳು ನಾನು. ಆದ್ದರಿಂದ ಈ ಬರಹದಲ್ಲಿ ಸ್ವಲ್ಪ ಖಾರ ಹೆಚ್ಚಾದರೆ ಚಿಕ್ಕ ತರಗತಿಗಳಿಗೆ ಪಾಠ ಮಾಡುವವರಾದರೂ ಸಹಿಸಿಕೊಳ್ಳುತ್ತಾರೆಂದು ನಂಬಿದ್ದೇನೆ.

ಉಳಿದ ತಾಪತ್ರಯಗಳ ಬಗ್ಗೆ ನನ್ನ ತಕರಾರಿಲ್ಲ. ಗುಂಪಿನಲ್ಲಿ ಕೆಲಸ ಮಾಡಿ ಎಂದರೆ ಒಬ್ಬ ಮಾಡುತ್ತಾನೆ, ಇಬ್ಬರು ಅವನನ್ನು ತಿದ್ದುತ್ತಾರೆ, ನಾಲ್ಕನೆಯವಳು ಆ ಮೂವರ ಮೇಲೂ ದೂರು ಹೇಳಲು ನನ್ನ ಬಳಿ ಬರುತ್ತಾಳೆ. ಎಡಗೈ ಬಳಸುವ ಮಕ್ಕಳ ಕೈಯಲ್ಲಿ ಬಲಗೈಯವರ ಕತ್ತರಿ ಕಾಗದವನ್ನು ಕತ್ತರಿಸುವ ಬದಲು ಮಡಿಸುತ್ತದೆ. ಹಸಿರು ಬಣ್ಣದ ಸ್ಕೆಚ್ ಪೆನ್ನು ಬೇಕಾದ ದಿನವೇ ಒಣಗಿರುತ್ತದೆ. ಇವೆಲ್ಲ ಈ ಕೆಲಸದ ಜೊತೆಗೇ ಬಂದವು, ಇರಲಿ. ನನ್ನಿಂದ ಸಹಿಸಲಾಗದೇ ಇರುವುದು ನಮ್ಮ ಮುಖ್ಯೋಪಾಧ್ಯಾಯರ ಮೊಬೈಲು.

ಅವರು ಸಜ್ಜನರು. ಯಾರನ್ನೂ ಗದರುವುದಿಲ್ಲ, ಮಕ್ಕಳ ಹೆಸರೆಲ್ಲ ಅವರಿಗೆ ಬಾಯಿಪಾಠ, ಚಟುವಟಿಕೆಗೆ ಏನು ಬೇಕೆಂದು ಕೇಳಿದರೂ ಇಲ್ಲವೆನ್ನುವುದಿಲ್ಲ. ಅವರಿಗಿರುವುದು ಒಂದೇ ಅಭ್ಯಾಸ. ತರಗತಿಯಲ್ಲಿ ನಡೆಯಬೇಕಾದದ್ದು ನಡೆದು ಮುಗಿದ ಎರಡೇ ನಿಮಿಷಕ್ಕೆ, ಮೊಬೈಲನ್ನು ಅಡ್ಡ ಹಿಡಿದುಕೊಂಡು ಬಾಗಿಲಲ್ಲಿ ಪ್ರತ್ಯಕ್ಷರಾಗುತ್ತಾರೆ. ‘ಅಯ್ಯೋ, ಮುಗಿಸಿಯೇ ಬಿಟ್ಟಿರಾ ಮೇಡಂ? ಇನ್ನೊಂದು ಸಲ ಮಾಡಿಸಿ’ ಎನ್ನುತ್ತಾರೆ.

ನಿನ್ನೆಯ ಪಾಠ ತೇಲುವ ಮತ್ತು ಮುಳುಗುವ ವಸ್ತುಗಳದ್ದು. ರಬ್ಬರು, ಬೀಗದ ಕೈ, ಬಾಟಲಿಯ ಮುಚ್ಚಳ, ಸೀಮೆಸುಣ್ಣ ಎಲ್ಲವೂ ಬಕೆಟ್ಟಿಗೆ ಬಿದ್ದು, ಪಟ್ಟಿಯಲ್ಲಿಲ್ಲದ ಯಾರದೋ ಗುರುತಿನ ಚೀಟಿಯೂ ಬಿದ್ದು, ಕೊನೆಗೆ ಕಿತ್ತಳೆಹಣ್ಣಿನ ಸರದಿ ಬಂದಿತು. ಸಿಪ್ಪೆಸಹಿತ ಬಿಟ್ಟಾಗ ಹಣ್ಣು ತೇಲಿತು. ಸುಲಿದು ಬಿಟ್ಟರೆ ಏನಾಗಬಹುದೆಂದು ಕೇಳಿ ಕೈ ಎತ್ತಿಸಿದೆ. ಇನ್ನೂ ಚೆನ್ನಾಗಿ ತೇಲುತ್ತದೆ ಎಂದು ಬಹುತೇಕ ಇಡೀ ತರಗತಿ ಕೈ ಎತ್ತಿತು. ‘ಭಾರ ಕಡಿಮೆಯಾಯಿತಲ್ಲ ಮಿಸ್!’ ಎಂಬುದು ಅವರ ವಾದ, ಕೇಳಿದರೆ ದೊಡ್ಡವರೂ ತಲೆದೂಗುವಂಥದ್ದೇ. ನಾನು ಸುಲಿದು ನೀರಿಗೆ ಬಿಟ್ಟೆ. ಹಣ್ಣು ನೆಟ್ಟಗೆ ತಳ ಸೇರಿತು.

ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ, ಮರುಕ್ಷಣ ಎಲ್ಲರೂ ಒಟ್ಟಿಗೆ ಮಾತನಾಡಿದರು. ಒಬ್ಬಳು ತೋಳನ್ನು ಮೊಣಕೈವರೆಗೂ ನೀರಿನಲ್ಲಿ ಅದ್ದಿ ಹಣ್ಣನ್ನು ಎತ್ತಿ ಮತ್ತೆ ಬಿಟ್ಟಳು; ಅದು ಮತ್ತೆ ಮುಳುಗಿತು. ಇನ್ನೊಬ್ಬ ಸಿಪ್ಪೆಯ ಒಳಬದಿಯ ಬಿಳಿಯ ಭಾಗವನ್ನು ನೀರಿನೊಳಗೆ ಹಿಚುಕಿ ನೋಡಿದ. ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ‘ಇದರೊಳಗೆ ಗಾಳಿ ಇದೆ ಮಿಸ್, ಗಾಳಿ ಹಣ್ಣನ್ನು ಎತ್ತಿ ಹಿಡಿದಿತ್ತು’ ಎಂದು ಅವನೇ ಹೇಳಿದ. ಸಾಂದ್ರತೆಯೆಂಬ ಪದವನ್ನು ನಾನಿನ್ನೂ ಉಚ್ಚರಿಸಿರಲೇ ಇಲ್ಲ, ಉಚ್ಚರಿಸುವ ಅಗತ್ಯವೂ ಕಾಣಲಿಲ್ಲ. ಪ್ರಯೋಗ ಮುಗಿದ ಹಣ್ಣನ್ನು ಏನು ಮಾಡಬೇಕೆಂದು ಯಾವ ಕೈಪಿಡಿಯೂ ಹೇಳುವುದಿಲ್ಲವಾದ್ದರಿಂದ ಅದನ್ನು ಚೆನ್ನಾಗಿ ತೊಳೆದು, ತೊಳೆ ಬಿಡಿಸಿ ಹಂಚಿದೆ.

ಆಗ ಬಾಗಿಲಲ್ಲಿ ಮೊಬೈಲು ಕಾಣಿಸಿತು.

‘ಎಲ್ಲಿ ಮಕ್ಕಳೇ, ಮುಳುಗಿದ ಕಿತ್ತಳೆ?’ ಎಂದು ಅವರು ಕೇಳಿದರು. ಮಕ್ಕಳು ಬಾಯಿ ತೆರೆದು ತೋರಿಸಿದರು.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಅವರು ಬಿಡಲಿಲ್ಲ. ‘ಪರವಾಗಿಲ್ಲ, ಸಿಪ್ಪೆ ಇದೆಯಲ್ಲ’ ಎನ್ನುತ್ತ ತುಂಡುಗಳನ್ನು ಹುಡುಕಿಸಿ, ಜೋಡಿಸಿ, ಇಡೀ ಹಣ್ಣಿನಂತೆ ಕಾಣುವ ಹಾಗೆ ಒಬ್ಬ ಹುಡುಗನ ಕೈಯಲ್ಲಿ ಹಿಡಿಸಿ, ಅದನ್ನು ನೀರಿನ ಮೇಲೆ ಇಡುವಂತೆ ಹೇಳಿದರು. ಕೈ ಬಿಟ್ಟೊಡನೆ ಹಣ್ಣು ನಾಲ್ಕು ದಿಕ್ಕಿಗೆ ಹೊರಟಿತು. ಮತ್ತೆ ಜೋಡಿಸಿದ್ದಾಯಿತು, ಈ ಸಲ ಕೈ ಬಿಡಬೇಡ ಎಂದದ್ದೂ ಆಯಿತು. ‘ಕೈಯಲ್ಲಿ ಹಿಡಿದುಕೊಂಡಿದ್ದರೆ ಅದು ತೇಲಿದ ಹಾಗೆ ಹೇಗಾಗುತ್ತೆ ಸರ್?’ ಎಂದು ಹುಡುಗ ಕೇಳಿದ. ಇಡೀ ದಿನದಲ್ಲಿ ಕೇಳಿಬಂದ ಅತ್ಯಂತ ವೈಜ್ಞಾನಿಕ ಪ್ರಶ್ನೆ ಅದು. ‘ಫೋಟೊದಲ್ಲಿ ಗೊತ್ತಾಗುವುದಿಲ್ಲಪ್ಪ’ ಎಂಬ ಉತ್ತರ ಬಂದಿತು.

ಬಳಿಕ ಕುಳ್ಳಗಿನವರು ಮುಂದೆ ಬಂದರು, ಒದ್ದೆಯಾದವರು ಹಿಂದೆ ಹೋದರು, ಗೋಡೆಯ ಮೇಲಿನ ವರ್ಣಮಾಲೆಯ ಚಾರ್ಟು ಚೌಕಟ್ಟಿನೊಳಗೆ ಬರುವಂತೆ ಬಕೆಟ್ಟು ಜರುಗಿತು. ‘ಈಗ ಎಲ್ಲರೂ ಆಶ್ಚರ್ಯಪಡಿ’ ಎಂದು ಅಪ್ಪಣೆಯಾಯಿತು. ಮಕ್ಕಳು ಶಕ್ತಿಮೀರಿ ಪ್ರಯತ್ನಿಸಿದರು. ಒಬ್ಬ ಕೈಮುಗಿದ, ಒಬ್ಬಳು ಎರಡು ಬೆರಳೆತ್ತಿದಳು, ಉಳಿದವರು ಹಲ್ಲು ಕಿರಿದರು. ‘ನಗಬೇಡಿ, ಆಶ್ಚರ್ಯ, ಆಶ್ಚರ್ಯ!’ ಎಂದಾಗ ಎಲ್ಲರೂ ಒಮ್ಮೆಲೇ ಬಾಯಿ ಅಗಲಿಸಿದರು. ‘ಅಷ್ಟು ಬೇಡ, ಹಲ್ಲುನೋವಿನ ಹಾಗೆ ಕಾಣುತ್ತೆ.’ ಬಾಯಿಗಳು ಅರ್ಧಕ್ಕಿಳಿದವು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ತುಟಿಯನ್ನು ಅಲುಗಿಸದೆಯೇ ‘ಇನ್ನೂ ಎಷ್ಟು ಹೊತ್ತು ಆಶ್ಚರ್ಯಪಡಬೇಕು ಸರ್?’ ಎಂದು ಕೇಳಿದಳು. ‘ಮೇಡಂ, ನೀವೂ ಸ್ವಲ್ಪ’ ಎಂದರು. ನಾನೂ ಆಶ್ಚರ್ಯಪಟ್ಟೆ, ನನಗದು ಅಷ್ಟು ಕಷ್ಟವಾಗಲಿಲ್ಲ.

‘ಸ್ವಂತ ಅನುಭವದಿಂದ ಕಲಿಯುತ್ತಿರುವ ಮಕ್ಕಳು’ ಎಂಬ ಅಡಿಬರಹದೊಂದಿಗೆ ಆ ಫೋಟೊ ಶಾಲೆಯ ಗುಂಪಿಗೆ ಹೋಯಿತು. ಸಂಜೆಯ ಹೊತ್ತಿಗೆ, ತೇಲಿದ್ದಕ್ಕೆ ಫೋಟೊ ಇದೆ, ಮುಳುಗಿದ್ದಕ್ಕೆ ಇಲ್ಲ ಎಂಬುದು ಯಾರ ಕಣ್ಣಿಗೋ ಬಿದ್ದು ನನ್ನಿಂದ ವಿವರಣೆ ಕೇಳಲಾಯಿತು. ‘ಮುಳುಗಿದ ಹಣ್ಣನ್ನು ಮಕ್ಕಳು ತಿಂದಿರುತ್ತಾರೆ’ ಎಂದು ಬರೆದು ಸಹಿ ಹಾಕಿದೆ.

ಇಂಥ ಹೊತ್ತಿನಲ್ಲಿ ನನಗೆ ಮರಿಯಾ ಮಾಂಟೆಸೊರಿ ನೆನಪಾಗುತ್ತಾರೆ. 1907ರಲ್ಲಿ ರೋಮಿನ ಸಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ಅವರು ‘ಮಕ್ಕಳ ಮನೆ’ ತೆರೆದರು. ಅಲ್ಲಿ ಬಳಸಿದ ಸಾಮಗ್ರಿಗಳಲ್ಲಿ ಒಂದು, ಹತ್ತು ಕುಳಿಗಳಿರುವ ಮರದ ದಿಮ್ಮಿ ಮತ್ತು ಅವುಗಳಲ್ಲಿ ಕೂರುವ ಬೇರೆ ಬೇರೆ ಅಳತೆಯ ಹತ್ತು ಸಿಲಿಂಡರುಗಳು. ಒಂದನ್ನು ತಪ್ಪು ಕುಳಿಯಲ್ಲಿ ಕೂರಿಸಿದರೆ ಕೊನೆಗೆ ಇನ್ನೊಂದಕ್ಕೆ ಸರಿಯಾದ ಜಾಗ ಸಿಗುವುದಿಲ್ಲ. ತಪ್ಪನ್ನು ಮರವೇ ಹೇಳುತ್ತದೆ, ಶಿಕ್ಷಕಿ ಬಾಯಿ ತೆರೆಯಬೇಕಾಗಿಲ್ಲ. ಮೂರು ವರ್ಷದ ಆಸುಪಾಸಿನ ಒಂದು ಮಗು ಇದರಲ್ಲಿ ಮುಳುಗಿಹೋಗಿದ್ದನ್ನು ಮಾಂಟೆಸೊರಿ ದಾಖಲಿಸಿದ್ದಾರೆ. ಅದರ ಕುರ್ಚಿಯನ್ನು ಎತ್ತಿ ಮೇಜಿನ ಮೇಲಿಟ್ಟರೂ, ಸುತ್ತಲಿನ ಮಕ್ಕಳು ಹಾಡಿದರೂ ತಲೆಯೆತ್ತದೆ, ಆ ಮಗು ಸಿಲಿಂಡರುಗಳನ್ನು 40ಕ್ಕೂ ಹೆಚ್ಚು ಸಲ ತೆಗೆದು ಕೂರಿಸಿತಂತೆ. ಪುಣ್ಯಕ್ಕೆ ಆ ಕಾಲದಲ್ಲಿ ಮೊಬೈಲು ಇರಲಿಲ್ಲ. ಇದ್ದಿದ್ದರೆ ಮೂರನೆಯ ಸಲಕ್ಕೇ ಯಾರೋ ‘ಪುಟ್ಟಿ, ಈ ಕಡೆ ನೋಡು’ ಎಂದಿರುತ್ತಿದ್ದರು, ಪುಟ್ಟಿ ಈ ಕಡೆ ನೋಡಿರುತ್ತಿದ್ದಳು, ಅಲ್ಲಿಗೆ ಆ ಕಥೆ ಮುಗಿಯುತ್ತಿತ್ತು.

ಕಳೆದ ವರ್ಷದ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಎಲ್ಲರೂ ಕಾಗದದ ಲೋಟಗಳಲ್ಲಿ ಅಲಸಂದೆ ಕಾಳು ನೆಟ್ಟು ನೀರು ಹಾಕಿ ಕಾದರೆ, ಅವನಿಗೆ ಕಾಯುವುದು ಆಗಲಿಲ್ಲ. ದಿನವೂ ಬೆಳಿಗ್ಗೆ ಮಣ್ಣು ಕೆದಕಿ, ಕಾಳನ್ನು ಹೊರತೆಗೆದು ನೋಡಿ, ಕೈಗೆ ಬಂದ ಹಾಗೆ ಮತ್ತೆ ಹುಗಿಯುತ್ತಿದ್ದ. ಉಳಿದವರ ಗಿಡಗಳು ಬಗ್ಗಿದ ಕತ್ತನ್ನು ಎತ್ತಿ ಎಲೆ ಬಿಚ್ಚಿ ಫೋಟೊಗೆ ಸಾಲಾಗಿ ನಿಂತ ದಿನ ಅವನ ಲೋಟದಲ್ಲಿ ಬರೀ ಮಣ್ಣಿತ್ತು. ಸಾಲಿನಿಂದ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಲಾಯಿತು. ಆಮೇಲೆ ಅವನು ನನ್ನ ಮೇಜಿನ ಬಳಿ ಬಂದು ಕಾಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದ. ಬೇರು ಬಂದಿತ್ತು, ಆದರೆ ನೆಟ್ಟಗಿರಲಿಲ್ಲ. ಪ್ರತಿಸಲ ತಲೆಕೆಳಗಾಗಿ ಹುಗಿದಾಗಲೂ ಅದು ತಿರುಗಿ ಕೆಳಮುಖವಾಗಿ ಹೊರಟು ಅಂಕುಡೊಂಕಾಗಿತ್ತು. ‘ನಾನು ಹೇಗೆ ಇಟ್ಟರೂ ಇದಕ್ಕೆ ಕೆಳಗೆ ಯಾವುದು ಅಂತ ಗೊತ್ತು ಮಿಸ್’ ಎಂದ. ಬೇರಿಗೆ ಗುರುತ್ವದ ದಿಕ್ಕು ತಿಳಿಯುತ್ತದೆಂಬುದನ್ನು ಮಕ್ಕಳು ಎಷ್ಟೋ ವರ್ಷಗಳ ನಂತರ ಪುಸ್ತಕದಲ್ಲಿ ಓದುತ್ತಾರೆ. ಈಗ ಅವನು ಬೇರೆ ಶಾಲೆಯಲ್ಲಿದ್ದಾನೆ. ಅಲ್ಲಿ ಅವನನ್ನು ಕೆದಕಲು ಬಿಡುತ್ತಾರೋ ಇಲ್ಲವೋ.

ಮುಂದಿನ ವಾರ ಈ ವರ್ಷದ ಮಕ್ಕಳು ಕಾಳು ನೆಡಬೇಕು. ಇಂದು ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೋದಾಗ ಮುಖ್ಯೋಪಾಧ್ಯಾಯರು ನನ್ನನ್ನು ತಡೆದು, ನಿನ್ನೆಯಂತೆ ಆಗಬಾರದಲ್ಲ ಎಂದು ಬಹಳ ಸೌಜನ್ಯದಿಂದ, ಮೊಳಕೆ ಯಾವ ದಿನ, ಎಷ್ಟು ಗಂಟೆಗೆ ಒಡೆಯುತ್ತದೆಂದು ಮೊದಲೇ ತಿಳಿಸಲು ಸಾಧ್ಯವೇ ಎಂದು ಕೇಳಿದರು. ಮೊದಲು ಬರುವುದು ಬೇರು, ಅದು ಮಣ್ಣಿನೊಳಗೇ ಕೆಳಗೆ ಹೋಗುತ್ತದೆ, ಹೊರಗಿನಿಂದ ಕಾಣುವುದಿಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿದರು.

‘ಹಾಗಾದರೆ ಅದು ಬೇಡ ಮೇಡಂ, ಕಾಣುವಂಥದ್ದು ಬಂದಾಗ ಕರೆಯಿರಿ.’