ಹದಿಮೂರು ಜನ, ಒಂದು ಬಾತ್‌ರೂಮು

ಜರ್ಮನಿಯ ಮ್ಯೂನಿಕ್‌ನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಮೇ ತಿಂಗಳು ಬಂತೆಂದರೆ ಊರಿನವರು ಬರುವ ಕಾಲ. ಅಲ್ಲಿ ಮಕ್ಕಳಿಗೆ ಬೇಸಿಗೆ ರಜೆ, ಇಲ್ಲಿ ಚಳಿ ಕಮ್ಮಿ. ಕಳೆದ ಸಲ ಹಾಸನದಿಂದ ನಮ್ಮ ಮನೆಯವರು ಬಂದರು: ಅಪ್ಪ ಅಮ್ಮ, ದೊಡ್ಡಪ್ಪ ದೊಡ್ಡಮ್ಮ, ಚಿಕ್ಕಪ್ಪ ಚಿಕ್ಕಮ್ಮ, ಅತ್ತೆ ಮಾವ, ಅವರ ಮಕ್ಕಳು, ಮೊಮ್ಮಕ್ಕಳು, ಒಟ್ಟು 13 ಜನ. ಜನ ಜಾಸ್ತಿ ಇದ್ದರೆ ಪ್ರವಾಸ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೇ ಹೋಗಬೇಕು ಅನ್ನೋ ಹಠ ಇದೆಯಲ್ಲ, ನಿಜವಾದ ಭಾರ ಅದು.

ಅದು ವೀಸಾದಿಂದಲೇ ಶುರು. 2024ರ ಜೂನ್‌ನಿಂದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಶುಲ್ಕ ದೊಡ್ಡವರಿಗೆ 90 ಯೂರೋ. ಆರು ತುಂಬಿದ, ಹನ್ನೆರಡು ತುಂಬದ ಮಕ್ಕಳಿಗೆ 45. ವೀಸಾ ಸಿಗಲಿಲ್ಲ ಅಂದರೆ ದುಡ್ಡು ವಾಪಸ್ ಬರೋದಿಲ್ಲ. ಚಿಕ್ಕಪ್ಪನ ದೊಡ್ಡ ಮಗನಿಗೆ ಸಿಗಲಿಲ್ಲ. ಅವನೊಬ್ಬನನ್ನು ಬಿಟ್ಟು ಹೇಗೆ ಹೋಗೋದು ಅಂತ ಮನೆಯಲ್ಲಿ ವಾರಗಟ್ಟಲೆ ಪಂಚಾಯಿತಿ. ಕೊನೆಗೆ ಅವನೇ ಬೇಜಾರಾಗಿ, "ನನಗೆ ಆಫೀಸಲ್ಲಿ ರಜೆನೇ ಇಲ್ಲ, ನೀವು ಹೋಗ್ಬನ್ನಿ" ಅಂದ ಮೇಲೆ ಟಿಕೆಟ್ ಬುಕ್ ಆಯಿತು. ಅಷ್ಟರಲ್ಲಿ ಅದರ ಬೆಲೆ ಏರಿ ಕೂತಿತ್ತು.

ಇಲ್ಲಿ ನಮ್ಮದು ಎರಡು ಕೋಣೆಯ ಮನೆ. ಪಕ್ಕದ ಬೀದಿಯಲ್ಲಿ ಇನ್ನೊಂದು ಮನೆಯನ್ನು ದಿನದ ಬಾಡಿಗೆಗೆ ಹಿಡಿದಿದ್ದೆ. ಆದರೆ ಬಕೆಟ್ಟು, ಮಗ್ಗು ಇದ್ದಿದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ಬೆಳಗಾದರೆ ಆ ಮನೆಯವರೂ ಟವೆಲ್ ಹೆಗಲಿಗೆ ಹಾಕಿಕೊಂಡು ಬೀದಿ ದಾಟಿ ಇಲ್ಲಿಗೇ ಬರುತ್ತಿದ್ದರು. ಬಾತ್‌ರೂಮಿನ ಮುಂದೆ ಸರದಿ. ಒಳಗಿದ್ದವರಿಗೆ ಹೊರಗಿನಿಂದ, "ಆಯ್ತಾ? ಇನ್ನೂ ಆಗ್ಲಿಲ್ವಾ?" ಹೊರಗೆ ಹೋಗಿ ಬರುವ ಜರ್ಮನ್ನರು ಏನಂದುಕೊಂಡರೋ.

ನೊಯ್‌ಶ್ವಾನ್‌ಸ್ಟೈನ್ ಕೋಟೆಗೆ ಹೋಗಬೇಕಾದ ದಿನ ಇದರ ಬೆಲೆ ಗೊತ್ತಾಯಿತು. ಎರಡನೇ ಲುಡ್ವಿಗ್ ಅನ್ನೋ ರಾಜ 1869ರಲ್ಲಿ ಕಟ್ಟಿಸಲು ಶುರು ಮಾಡಿ, ಮುಗಿಯುವ ಮೊದಲೇ 1886ರಲ್ಲಿ ಸತ್ತ. ಒಳಗೆ ಹೋಗುವ ಟಿಕೆಟ್ ಮೇಲೆ ಗಂಟೆ, ನಿಮಿಷ ಬರೆದಿರುತ್ತದೆ. ಆ ಹೊತ್ತು ತಪ್ಪಿದರೆ ಮುಗಿಯಿತು. ಕೆಳಗಿನ ಹಳ್ಳಿಯಿಂದ ಮೇಲಕ್ಕೆ ನಡೆಯಲಿಕ್ಕೇ ಅರ್ಧ ಗಂಟೆಗಿಂತ ಜಾಸ್ತಿ ಬೇಕು. ನಾವು ಅಗ್ಗ ಅಂತ ಬಯರ್ನ್ ಟಿಕೆಟ್ (ಇಲ್ಲಿನ ಬವೇರಿಯಾ ರಾಜ್ಯದೊಳಗೆ ಒಂದು ದಿನ ಓಡಾಡುವ ರೈಲು ಟಿಕೆಟ್) ತಗೊಂಡಿದ್ದೆವು. ಒಂದರಲ್ಲಿ 5 ಜನ ಹೋಗಬಹುದು, ಹೆಸರು ಬರೆಯಬೇಕು, ಆ ಐವರು ಒಟ್ಟಿಗೇ ಇರಬೇಕು, ವಾರದ ದಿನಗಳಲ್ಲಿ ಬೆಳಗ್ಗೆ 9ಕ್ಕೆ ಮುಂಚೆ ನಡೆಯೋದಿಲ್ಲ. ಹೊರಡೋದು ತಡವಾಗಿತ್ತು. ಅದರ ಮೇಲೆ ಸ್ಟೇಷನ್‌ನಲ್ಲಿ ದೊಡ್ಡಮ್ಮ ಮೊಮ್ಮಗಳ ಪಕ್ಕ ಕೂರಬೇಕು ಅಂತ ಇನ್ನೊಂದು ಟಿಕೆಟ್ಟಿನವರ ಜೊತೆ ಹತ್ತಿಬಿಟ್ಟರು. ಅವರನ್ನು ಹುಡುಕುತ್ತಾ ನಾವು ಕೆಳಗೇ ಉಳಿದೆವು, ರೈಲು ಹೋಯಿತು. ಕೋಟೆಯನ್ನು ಹೊರಗಿನಿಂದ ನೋಡಿಕೊಂಡು ಬಂದೆವು. ಮಾವ ಮಾತ್ರ ಖುಷಿಯಾಗಿದ್ದರು, ಅವರಿಗೆ ಮೆಟ್ಟಿಲು ಹತ್ತುವುದು ತಪ್ಪಿತಲ್ಲ.

ಇದನ್ನೆಲ್ಲ ನಮ್ಮ ಆಫೀಸಿನ ಒಬ್ಬ ಜರ್ಮನ್ ಹೆಂಗಸಿಗೆ ಹೇಳಿದಾಗ ನಗಲಿಲ್ಲ, ಅರ್ಥವಾಗದೆ ನೋಡಿದರು. ಅವರೂ ತಂದೆಯ ಹುಟ್ಟುಹಬ್ಬಕ್ಕೆ ಅಣ್ಣ ತಮ್ಮಂದಿರು, ಮಕ್ಕಳು ಎಲ್ಲ ಸೇರಿ ಇಟಲಿಯ ಸೌತ್ ಟಿರೋಲ್‌ನಲ್ಲಿ ದೊಡ್ಡ ಮನೆ ಹಿಡಿದಿದ್ದರಂತೆ. ಬೆಳಗ್ಗೆ ಕೆಲವರು ಬೆಟ್ಟಕ್ಕೆ, ಕೆಲವರು ಕೆರೆಗೆ, ಅವರಪ್ಪ ಪುಸ್ತಕ ಹಿಡಿದು ಮನೆಯಲ್ಲಿ. ರಾತ್ರಿ ಊಟಕ್ಕೆ ಎಲ್ಲರೂ ಸೇರೋದು. ಯಾರೂ ಯಾರಿಗೂ ಕಾಯೋದಿಲ್ಲ. ಖರ್ಚು ಮೊಬೈಲಿನಲ್ಲಿ ಬರೆದಿಟ್ಟು, ಕೊನೆಯ ದಿನ ತಲೆಗಿಷ್ಟು ಅಂತ ಕೊಟ್ಟು ಮುಗಿಸೋದು.

ಈ ಲೆಕ್ಕದ ವಿಷಯದಲ್ಲಿ ಅವರ ದಾರಿಯೇ ಸರಿ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ನಮ್ಮಲ್ಲಿ ಚಿಕ್ಕಪ್ಪ ಎಲ್ಲ ಕಡೆ ಕಾರ್ಡ್ ಉಜ್ಜಿದರು. "ಇರ್ಲಿ ಬಿಡೋ, ಆಮೇಲೆ ನೋಡೋಣ" ಅಂದರು. ಆ ಆಮೇಲೆ ಇನ್ನೂ ಬಂದಿಲ್ಲ. ಆದರೆ ಊರಿಗೆ ಹೋದ ಮೇಲೆ ಅತ್ತೆಗೂ ಚಿಕ್ಕಮ್ಮನಿಗೂ ಫೋನಲ್ಲಿ ಮಾತು ಕಮ್ಮಿ ಆಗಿದೆ ಅಂತ ಅಮ್ಮ ಹೇಳಿದರು. ಬಾಯಿಬಿಟ್ಟು ಕೇಳಿದರೆ ಹಗುರ ಆಗುತ್ತೇವೆ ಅನ್ನೋ ಭಯ, ಕೇಳದೆ ಇದ್ದರೆ ಹೊಟ್ಟೆಯಲ್ಲೇ ಉಳಿಯುತ್ತದೆ. "ನನಗೆ ಕಾಲು ನೋವು, ಇವತ್ತು ಬರಲ್ಲ" ಅನ್ನೋದಕ್ಕೂ ಇದೇ ಕಷ್ಟ. ದೊಡ್ಡಪ್ಪ ಒಂದು ದಿನವೂ ಹಾಗನ್ನಲಿಲ್ಲ, ಊರಿಗೆ ಹೋದವರೇ ಮಂಡಿ ಡಾಕ್ಟರ ಹತ್ತಿರ ಹೋದರು.

ಆದರೂ ಪೂರ್ತಿ ಆ ಜರ್ಮನ್ ರೀತಿಗೆ ನಾನು ಒಪ್ಪುವುದಿಲ್ಲ. ಕೋನಿಗ್ಸೇ ಅಂತ ಒಂದು ಸರೋವರ ಇದೆ, ಬರ್ಕ್ಟೆಸ್‌ಗಾಡನ್ ಹತ್ತಿರ. ಅಲ್ಲಿ 1909ರಿಂದಲೂ ಕರೆಂಟಿನ ದೋಣಿಗಳೇ, ಸದ್ದಿಲ್ಲ. ಮಧ್ಯದಲ್ಲಿ ದೋಣಿ ನಿಲ್ಲಿಸಿ ಒಬ್ಬ ಕಹಳೆ ಊದುತ್ತಾನೆ, ಎದುರಿನ ಬಂಡೆ ಅದನ್ನೇ ತಿರುಗಿ ಹೇಳುತ್ತದೆ. ಅವನು ಊದಿ ಮುಗಿಸಿದ್ದೇ ತಡ, ನಮ್ಮ ನಾಲ್ಕು ವರ್ಷದ ಪುಟ್ಟಿ, "ಅಜ್ಜೀ, ಆ ಕಡೆ ಇನ್ನೊಬ್ಬ ಮಾಮ ಇದಾನೆ!" ಅಂತ ಕೂಗಿದಳು. ದೊಡ್ಡಮ್ಮ "ಕರಿ ನೋಡೋಣ" ಅಂದರು. ಮಿಕ್ಕ ಮಕ್ಕಳೂ ಸೇರಿಕೊಂಡವು. ದೋಣಿಯಲ್ಲಿದ್ದ ಜರ್ಮನ್ ಮುದುಕರು ಮೊದಲು ಮುಖ ಸಿಂಡರಿಸಿ, ಆಮೇಲೆ ತಾವೂ ನಕ್ಕರು. ಮೊಮ್ಮಕ್ಕಳು ಒಂದು ಕಡೆ, ಅಜ್ಜಿ ಇನ್ನೊಂದು ಕಡೆ ಹೋಗಿದ್ದರೆ ಇದು ಎಲ್ಲಿ ಸಿಗುತ್ತಿತ್ತು? ನನ್ನ ಮಕ್ಕಳಿಗೆ ದೊಡ್ಡಮ್ಮ ಗೊತ್ತಿದ್ದದ್ದು ವಿಡಿಯೋ ಕಾಲ್‌ನಲ್ಲಿ ಮಾತ್ರ, ಅದೂ ಅರ್ಧ ಹಣೆ ಅಷ್ಟೇ ಕಾಣುವ ಹಾಗೆ. ಈಗ ಮಕ್ಕಳಿಗೆ ದೊಡ್ಡಮ್ಮನ ಅವಲಕ್ಕಿ ಕಲಸುವ ಕೈ ಗೊತ್ತು, ಗೊರಕೆಯೂ ಗೊತ್ತು.

ಒಂದು ಭಾನುವಾರ ಹಾಲು ಮುಗಿದು, ಅಂಗಡಿಗಳೆಲ್ಲ ಮುಚ್ಚಿ (ಇಲ್ಲಿ ಭಾನುವಾರ ರೈಲ್ವೆ ಸ್ಟೇಷನ್ನು, ಪೆಟ್ರೋಲ್ ಬಂಕು ಬಿಟ್ಟರೆ ಹಾಲು ಸಿಗೋದು ಕಷ್ಟ) ಎಲ್ಲರೂ ಕರಿ ಕಾಫಿ ಕುಡಿದು ಮನೆಯಲ್ಲೇ ಉಳಿದರು. ಎಲ್ಲೂ ಹೋಗಲಿಲ್ಲ, ಕಾರ್ಡ್ಸ್ ಆಡಿದರು, ಮಧ್ಯಾಹ್ನ ಪುಳಿಯೋಗರೆ. ಇಡೀ ಪ್ರವಾಸದಲ್ಲಿ ಜಗಳ ಆಗದ ದಿನ ಅದೊಂದೇ ಅಂತ ಕಾಣುತ್ತೆ.

ಈಗ ಚಿಕ್ಕಪ್ಪ ವಾಟ್ಸಾಪ್ ಗುಂಪಿನಲ್ಲಿ ಇಟಲಿ ಅಂತ ಶುರು ಮಾಡಿದ್ದಾರೆ. ನಾನು ಉತ್ತರ ಹಾಕಿದೆ: ಎರಡು ಬಾತ್‌ರೂಮಿನ ಮನೆ ಬೇಕು, ದಿನದ ಖರ್ಚು ದಿನವೇ ಬರೆಯಬೇಕು, ಬರೋದಿಲ್ಲ ಅಂದವರನ್ನು ಯಾರೂ ಒತ್ತಾಯ ಮಾಡಬಾರದು. ಎಲ್ಲರೂ ಓದಿದ್ದಾರೆ, ನೀಲಿ ಗುರುತು ಬಿದ್ದಿದೆ. ಉತ್ತರ ಬಂದಿದ್ದು ದೊಡ್ಡಮ್ಮನಿಂದ ಮಾತ್ರ, ಗುಲಾಬಿ ಹೂವಿನ ಮೇಲೆ ಶುಭೋದಯ ಅಂತ.